ಕೈಮೇಲಿನ ಕರಿಯ ಗುರುತು

ಸಂಗೀತವೆಂದರೆ ಕಿವಿಗೆ ಇಂಪಾಗಿರಬೇಕೆಂಬ ನಂಬಿಕೆಯಲ್ಲಿ ಬೆಳೆದವನು ನಾನು. ಊರಿನ ರಾಮೋತ್ಸವದ ಚಪ್ಪರದಲ್ಲಿ ತಾಯಿಯ ಮಗ್ಗುಲಿಗೆ ಕುಳಿತು, ಅರ್ಥವಾಗದಿದ್ದರೂ ತೊಡೆಯ ಮೇಲೆ ತಾಳ ಹಾಕುತ್ತ, ತನಿ ಆವರ್ತನದ ಹೊತ್ತಿಗೆ ನಿದ್ದೆ ಹೋಗುತ್ತಿದ್ದ ಬಾಲ್ಯ ನನ್ನದು. ಅಂಥವನು ಪಂಕ್ ಎಂಬ ಹೆಸರಿನ ಸಂಗೀತದ ವಿಚಾರವಾಗಿ ಈ ಪುಟದಲ್ಲಿ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜವೇ. ಆ ಸಂಗೀತವನ್ನು ಯಾರಿಂದಲೂ ಮೆಚ್ಚಿಸುವ ಉದ್ದೇಶ ನನಗಿಲ್ಲ. ನನಗೇ ಅದು ಇಂದಿಗೂ ಪೂರ್ತಿಯಾಗಿ ಒಗ್ಗಿಲ್ಲ. ಆದರೆ ಆ ಸಂಗೀತದ ಬಾಗಿಲಲ್ಲಿ ಕಂಡ ಒಂದು ಸಂಗತಿ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

2016ರ ಬೇಸಗೆಯಲ್ಲಿ ಅಕ್ಕನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಆಕೆಯ ಸಂಸಾರ ಇದ್ದುದು ಮೇರಿಲೆಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ. ರಾಜಧಾನಿ ವಾಷಿಂಗ್ಟನ್ನಿನ ಸೆರಗಿಗೇ ಅಂಟಿಕೊಂಡ ಊರು ಅದು. ಸೋದರಳಿಯನಿಗೆ ಆಗ ಹದಿನಾರು. ಹಿಂದಿನ ಸಲ ಊರಿಗೆ ಬಂದಾಗ ಗೋಲಿಗೆ ಅಳುತ್ತಿದ್ದ ಹುಡುಗ ಈಗ ನನಗಿಂತ ಎತ್ತರ; ಕೋಣೆಯ ಗೋಡೆಯ ತುಂಬ ಕಪ್ಪು ಬಿಳುಪಿನ ಕರಪತ್ರಗಳು, ಮೂಲೆಯಲ್ಲೊಂದು ಗಿಟಾರು. ಮೂರನೆಯ ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, “ಓದು ಬರಹ ಎಲ್ಲ ಚೆನ್ನಾಗೇ ಇದೆ ಕಣೋ, ಆದರೆ ಆ ಕೂಗಾಟ ಕೇಳಿದರೆ ನನಗೆ ಎದೆ ಹೊಡೆದುಕೊಳ್ಳುತ್ತೆ. ವಾರಕ್ಕೊಂದು ಸಲ ಎಲ್ಲಿಗೆ ಹೋಗ್ತಾನೆ, ಎಂಥವರ ಜೊತೆ ಸೇರ್ತಾನೆ, ನೀನೊಂದು ಸಲ ಹೋಗಿ ನೋಡಿಕೊಂಡು ಬಾ. ಮೇಷ್ಟ್ರಲ್ಲವೇ ನೀನು!” ಎಂದಳು. ಹೀಗೆ ನಾನು ಗೂಢಚಾರನಾದೆ. ಹುಡುಗನಿಗೆ ಅದು ತಿಳಿಯದಿರಲಿಲ್ಲ. “ಬನ್ನಿ ಮಾಮ. ಹಿಡಿಸದೇ ಇದ್ದರೆ ಅರ್ಧಕ್ಕೇ ಎದ್ದು ಬರೋಣ,” ಎಂದು ನಕ್ಕ, ಕಿವಿಗೆ ತುರುಕಿಕೊಳ್ಳಲು ಹಳದಿ ಬಣ್ಣದ ಮೆತ್ತನೆಯ ಬಿರಡೆಗಳೆರಡನ್ನು ಕೈಗಿತ್ತ.

ಹದಿನಾಲ್ಕನೆಯ ಬೀದಿಯ ಒಂದು ಕ್ಲಬ್ಬಿನ ಬಾಗಿಲು. ಅಮೆರಿಕದಲ್ಲಿ ಇಪ್ಪತ್ತೊಂದು ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಬಾಗಿಲಲ್ಲಿದ್ದ ಗಡ್ಡದ ಯುವಕ ದಪ್ಪ ಶಾಯಿಯ ಲೇಖನಿ ಹಿಡಿದು ನನ್ನ ಅಳಿಯನ ಎರಡು ಕೈಗಳ ಹಿಂಬದಿಯ ಮೇಲೂ ದೊಡ್ಡದಾಗಿ ಇಂಟು ಗುರುತು ಎಳೆದ. ನಾವು ಮೇಷ್ಟ್ರುಗಳು ತಪ್ಪುತ್ತರದ ಪಕ್ಕದಲ್ಲಿ ಹಾಕುತ್ತೇವಲ್ಲ, ಅದೇ. ನನಗೆ ಕಾಗದದ ಪಟ್ಟಿಯೊಂದನ್ನು ಮಣಿಕಟ್ಟಿಗೆ ಸುತ್ತಲು ಬಂದ. ಕುಡಿಯುವ ಅರ್ಹತೆಯ ಲಾಂಛನವಂತೆ. ನಾನು ಕುಡಿಯುವವನಲ್ಲ, ನನಗೂ ಆ ಗುರುತನ್ನೇ ಹಾಕಪ್ಪ ಎಂದೆ. ಆತ ಒಂದು ಕ್ಷಣ ನನ್ನ ಕನ್ನಡಕವನ್ನು, ಇಸ್ತ್ರಿ ಮಾಡಿದ ಷರಟನ್ನು ನೋಡಿ, ಏನೂ ಹೇಳದೆ ಎರಡು ಇಂಟುಗಳನ್ನು ಎಳೆದ. ಅಳಿಯನಿಗೆ ಅಂದಿನ ಕಛೇರಿಗಿಂತ ಅದೇ ಹೆಚ್ಚು ಸಂತೋಷ ಕೊಟ್ಟಿತೆಂದು ಕಾಣುತ್ತದೆ.

ಒಳಗಿನ ಅನುಭವವನ್ನು ವರ್ಣಿಸುವುದು ನನ್ನ ಶಕ್ತಿಗೆ ಮೀರಿದ್ದು. ಮೊದಲ ಹಾಡು ಹೊರಟಾಗ ಹಂಚಿನ ಮಾಡಿನ ಮೇಲೆ ಜಲ್ಲಿಯ ಲಾರಿಯನ್ನು ಸುರಿದಂತಾಯಿತು. ಎರಡು ನಿಮಿಷದಲ್ಲಿ ಅದು ಮುಗಿಯಿತು. ಮುಗಿಯಿತೆಂದು ನಾನು ತಿಳಿಯುವಷ್ಟರಲ್ಲಿ ಇನ್ನೊಂದು ಆರಂಭವಾಗಿತ್ತು. ಸಾಹಿತ್ಯದ ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಆದರೆ ಸುತ್ತಲಿನ ಹುಡುಗ ಹುಡುಗಿಯರು ಅದನ್ನು ಗಾಯಕನ ಜೊತೆಗೇ ಹೇಳುತ್ತಿದ್ದರು. ಕಛೇರಿ ಮುಗಿಸಿದ ಗಾಯಕ ಹಿಂಬಾಗಿಲಿನಿಂದ ಮಾಯವಾಗದೆ, ಬೆವರೊರಸಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತು ಮುಂದಿನ ತಂಡವನ್ನು ಕೇಳತೊಡಗಿದ. ಆ ಮುಂದಿನ ತಂಡದ ಡೋಲಿನವನೋ, ಸ್ವಲ್ಪ ಮೊದಲು ಮೇಜಿನ ಹಿಂದೆ ಕುಳಿತು ಬನಿಯನ್ನು, ರೆಕಾರ್ಡು ಮಾರುತ್ತಿದ್ದ ಹುಡುಗ. ಕೇಳುವವರು ಯಾರು, ಹಾಡುವವರು ಯಾರು ಎಂಬುದು ಆ ಕೋಣೆಯಲ್ಲಿ ಗಂಟೆಗೊಮ್ಮೆ ಬದಲಾಗುತ್ತಿತ್ತು.

ಶಾಯಿ ಎರಡು ದಿನ ಹೋಗಲಿಲ್ಲ. ಮರುದಿನ ಲ್ಯಾನ್‌ಹ್ಯಾಮಿನ ಶಿವ-ವಿಷ್ಣು ದೇವಾಲಯದಲ್ಲಿ ತೀರ್ಥಕ್ಕೆ ಕೈ ಒಡ್ಡಿದಾಗ ಅರ್ಚಕರ ಕಣ್ಣು ಅದರ ಮೇಲೆ ನಿಂತಿತು. ಅಕ್ಕ ನನ್ನ ತೋಳನ್ನು ಕೆಳಕ್ಕೆ ಜಗ್ಗಿದಳು. ಗೂಢಚಾರಿಕೆಗೆ ಕಳಿಸಿದ ತಮ್ಮ ಶತ್ರುಪಕ್ಷವನ್ನು ಸೇರಿದನೆಂದು ಆಕೆಗೆ ಅಂದೇ ಖಾತ್ರಿಯಾಯಿತು.

ಆ ಗುರುತಿಗೊಂದು ಇತಿಹಾಸವಿದೆ. ಅಳಿಯ ಅದನ್ನು ತುಂಡು ತುಂಡಾಗಿ ಹೇಳಿದ. ಉಳಿದುದನ್ನು ನಾನು ಆಮೇಲೆ ಓದಿ ತಿಳಿದೆ. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಡಬ್ಲ್ಯೂಜಿಟಿಬಿ ಎಂಬ ಬಾನುಲಿ ಕೇಂದ್ರವಿತ್ತು. ಬೇರೆಲ್ಲೂ ಕೇಳದ ಸಂಗೀತ ಅದರಲ್ಲಿ ಬರುತ್ತಿತ್ತು. ವಿಶ್ವವಿದ್ಯಾಲಯ ಅದನ್ನು 1979ರಲ್ಲಿ ಮುಚ್ಚಿತು. ಆ ಕೇಂದ್ರಕ್ಕಾಗಿ ಅದೇ ವರ್ಷದ ಫೆಬ್ರವರಿ 3ರಂದು ಕ್ರಾಂಪ್ಸ್ ಎಂಬ ತಂಡದ ಕಛೇರಿ ನಡೆಯಿತು. ಅಂದು ಕಿಕ್ಕಿರಿದ ಸಭೆಯಲ್ಲಿದ್ದವರ ಪೈಕಿ ಇಯಾನ್ ಮೆಕೈ ಎಂಬ ಹದಿನಾರರ ಹುಡುಗನೂ ಒಬ್ಬ. ಅವನಿಗೆ ಅದು ಮೊದಲ ಪಂಕ್ ಕಛೇರಿ. ಅಲ್ಲಿಂದ ಹೊರಬಂದ ಮೇಲೆ ಅವನು ಕೇಳುಗನಾಗಿ ಮಾತ್ರ ಉಳಿಯಲಿಲ್ಲ. ಸಹಪಾಠಿಗಳನ್ನು ಕಟ್ಟಿಕೊಂಡು ಅದೇ ವರ್ಷ ಟೀನ್ ಐಡಲ್ಸ್ ಎಂಬ ತಂಡವನ್ನು ಆರಂಭಿಸಿದ. ವಾದ್ಯವನ್ನು ಕಲಿತು ಆಮೇಲೆ ವೇದಿಕೆಯೇರುವ ಕ್ರಮ ಅವರದಾಗಿರಲಿಲ್ಲ. ಏರಿ, ನುಡಿಸುತ್ತ ಕಲಿತರು. ವಾಗ್ಗೇಯಕಾರರ ಪರಂಪರೆಯಲ್ಲಿ ಬೆಳೆದ ನನ್ನಂಥವನಿಗೆ ಈ ಮಾತು ಕೇಳಿದರೇ ಮೈ ಉರಿಯುತ್ತದೆ. ಉರಿಯಲಿ.

ಅವರಿಗಿದ್ದ ತೊಡಕು ಬೇರೆಯೇ. ಹೊಸ ಸಂಗೀತ ನಡೆಯುತ್ತಿದ್ದುದು ಮದ್ಯ ಮಾರುವ ಕ್ಲಬ್ಬುಗಳಲ್ಲಿ. ಅದನ್ನು ಪ್ರಾಣದಂತೆ ಪ್ರೀತಿಸುತ್ತಿದ್ದವರು ಮದ್ಯ ಕುಡಿಯುವ ವಯಸ್ಸಿಗೆ ಬಾರದ ಶಾಲೆಯ ಮಕ್ಕಳು. ಬಾಗಿಲಲ್ಲಿ ವಯಸ್ಸು ಕೇಳಿ ತಿರುಗಿಸಿ ಕಳುಹಿಸುತ್ತಿದ್ದರು. 1980ರ ಬೇಸಗೆಯಲ್ಲಿ ಟೀನ್ ಐಡಲ್ಸ್ ಹುಡುಗರು ಬಸ್ಸು ಹಿಡಿದು ದೇಶದ ಆ ತುದಿಯ ಕ್ಯಾಲಿಫೋರ್ನಿಯಕ್ಕೆ ಹೋದರು. ಸಾನ್ ಫ್ರಾನ್ಸಿಸ್ಕೊದ ಮಾಬುಹೇ ಗಾರ್ಡನ್ಸ್ ಎಂಬ ಕ್ಲಬ್ಬಿನಲ್ಲಿ ಹಾಡಬೇಕಾದವರನ್ನೇ ಒಳಗೆ ಬಿಡುವ ಬಗೆ ತಿಳಿಯದಾಯಿತು. ಕೊನೆಗೆ, ಇವರಿಗೆ ಮದ್ಯ ಕೊಡಬಾರದೆಂದು ತಿಳಿಸುವ ಇಂಟು ಗುರುತನ್ನು ಅವರ ಕೈಗಳ ಮೇಲೆ ಬರೆದು ಒಳಗೆ ಬಿಟ್ಟರು. ಹುಡುಗರು ಆ ಉಪಾಯವನ್ನು ಊರಿಗೆ ಹೊತ್ತು ತಂದರು. ನಮ್ಮ ಕೈಮೇಲೆ ಗುರುತು ಹಾಕಿ, ನಾವು ಕುಡಿಯುವುದಿಲ್ಲ, ಸಂಗೀತ ಕೇಳಲು ಮಾತ್ರ ಬಿಡಿ ಎಂದು ತಮ್ಮೂರಿನ ಕ್ಲಬ್ಬುಗಳನ್ನು ಕೇಳಿಕೊಂಡರು. ಅದೇ ವರ್ಷ ಎಫ್ ಬೀದಿಯಲ್ಲಿ ಆರಂಭವಾಗಿದ್ದ ‘9:30 ಕ್ಲಬ್’ ಒಪ್ಪಿತು. ಹೊರಗಿಡಲು ಹುಟ್ಟಿದ ಗುರುತು ಒಳಗೆ ಬರುವ ರಹದಾರಿಯಾಯಿತು.

ಆ ವರ್ಷದ ಕೊನೆಯಲ್ಲಿ ತಂಡ ಒಡೆಯಿತು. ಅವರ ಬಳಿ ಉಳಿದಿದ್ದುದು ಕಛೇರಿಗಳಿಂದ ಕೂಡಿಟ್ಟ 600–700 ಡಾಲರು. ಹಂಚಿಕೊಳ್ಳದೆ, ಮುಗಿದುಹೋದ ತಂಡದ ನೆನಪಿಗೆಂದು ಆ ಹಣದಿಂದ ಒಂದು ಸಾವಿರ ಪ್ರತಿ ರೆಕಾರ್ಡು ಒತ್ತಿಸಿದರು. ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಪ್ರಕಾಶನ ಹುಟ್ಟಿದ್ದು ಹೀಗೆ. ಹೊದಿಕೆಯ ಹಾಳೆಯನ್ನು ಮಾತ್ರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿ, ಕತ್ತರಿಸುವುದು, ಮಡಿಸುವುದು, ಅಂಟಿಸುವುದು ಎಲ್ಲವನ್ನೂ ನೆಲದ ಮೇಲೆ ಕುಳಿತು ತಾವೇ ಮಾಡಿದರು. ಹೊದಿಕೆಯ ಮೇಲಿದ್ದ ಚಿತ್ರ ಇಂಟು ಗುರುತು ಹೊತ್ತ ಎರಡು ಕೈಗಳದು. ಮೆಕೈ ಆಮೇಲೆ ಕಟ್ಟಿದ ಮೈನರ್ ಥ್ರೆಟ್ ಎಂಬ ತಂಡ ಉಳಿದದ್ದು 1980ರಿಂದ 1983ರವರೆಗೆ ಮಾತ್ರ. ಕುಡಿತ, ಮಾದಕ ವಸ್ತುಗಳು ನನಗೆ ಬೇಡವೆಂದು ಸಾರಿದ ಅವರ ಒಂದು ಹಾಡು ಒಂದು ನಿಮಿಷದಷ್ಟು ಉದ್ದವೂ ಇಲ್ಲ. ಅದರಿಂದ ದೇಶ ದೇಶಗಳಲ್ಲಿ ಒಂದು ಪಂಥವೇ ಎದ್ದಿತು. ಪಂಥ ಕಟ್ಟುವ ಉದ್ದೇಶ ತನಗಿರಲಿಲ್ಲವೆಂದು ಬರೆದವನೇ ಹೇಳುತ್ತ ಬಂದಿದ್ದಾನೆ. ಪಂಥಗಳ ಚರಿತ್ರೆಯನ್ನು ಪಾಠ ಹೇಳುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಈ ಘಟ್ಟದಲ್ಲಿ ಹನ್ನೆರಡನೆಯ ಶತಮಾನದ ವಚನಕಾರರನ್ನು ಕರೆತರುವ ಆಸೆ ಕನ್ನಡ ಅಧ್ಯಾಪಕನಿಗೆ ಸಹಜವಾಗಿಯೇ ಹುಟ್ಟುತ್ತದೆ. ತಡೆದುಕೊಂಡಿದ್ದೇನೆ. ಹೋಲಿಕೆಯ ಚಟಕ್ಕೂ ಒಂದು ಮಿತಿ ಬೇಕು.

ಕೆಲವು ದಿನಗಳ ಮೇಲೆ ಸಿಲ್ವರ್ ಸ್ಪ್ರಿಂಗ್‌ನಿಂದ ಮೆಟ್ರೋ ರೈಲಿನ ಕೆಂಪು ಮಾರ್ಗ ಹಿಡಿದು ಟೆನ್ಲಿಟೌನ್‌ಗೆ ಹೋದೆವು. ಅಲ್ಲಿ ಫೋರ್ಟ್ ರೀನೋ ಎಂಬ ಬಯಲಿದೆ; ಅವರ ಅಂತರ್ಯುದ್ಧದ ಕಾಲದ ಕೋಟೆಯ ಜಾಗ, ವಾಷಿಂಗ್ಟನ್ ನಗರದಲ್ಲೇ ಎತ್ತರದ ಸ್ಥಳ. 1968ರಲ್ಲಿ ಅಲ್ಲಿ ಬೇಸಗೆಯ ಉಚಿತ ಕಛೇರಿಗಳು ಆರಂಭವಾದವು. ಮದ್ಯಕ್ಕೆ ಪ್ರವೇಶವಿಲ್ಲ, ಆದುದರಿಂದ ಗುರುತಿನ ಗೊಡವೆಯೂ ಇಲ್ಲ. ಮೆಕೈ ಓದಿದ ಹೈಸ್ಕೂಲು ಪಕ್ಕದಲ್ಲೇ ಇದೆ. ಆಗ ವುಡ್ರೊ ವಿಲ್ಸನ್ ಹೆಸರಿನಲ್ಲಿದ್ದ ಆ ಶಾಲೆಗೆ 2022ರಲ್ಲಿ ಜಾಕ್ಸನ್-ರೀಡ್ ಎಂದು ಹೆಸರಾಯಿತು. ಹುಲ್ಲಿನ ಮೇಲೆ ಚಾದರ ಹಾಸಿ ಅಕ್ಕ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿನ್ನುತ್ತ ಕುಳಿತೆವು. ಮಕ್ಕಳು ವೇದಿಕೆಯ ಮುಂದೆ ಓಡಾಡುತ್ತಿದ್ದವು. ಅಲ್ಲಿ ಅಳಿಯ ತನ್ನ ಮೊದಲ ಕಛೇರಿಯ ಕಥೆ ಹೇಳಿದ.

ಆಗ ಅವನಿಗೆ ಹದಿನಾಲ್ಕು. ಚರ್ಚೊಂದರ ಸಭಾಂಗಣ. ವೇದಿಕೆಯ ಮುಂದೆ ಹುಡುಗರು ಒಬ್ಬರನ್ನೊಬ್ಬರು ತಳ್ಳುತ್ತ ಸುತ್ತು ಹೊಡೆಯುವ ಕುಣಿತಕ್ಕೆ ಇವನೂ ನುಗ್ಗಿದ. “ಎರಡನೇ ಸುತ್ತಿಗೇ ಬಿದ್ದೆ ಮಾಮ. ಕನ್ನಡಕ ಎಲ್ಲೋ ಹೋಯಿತು. ತುಳಿದುಬಿಡ್ತಾರೆ ಅಂದುಕೊಂಡೆ. ನಾಲ್ಕು ಕೈ ಬಂದು ಎತ್ತಿದವು. ಒಬ್ಬ ಕನ್ನಡಕ ಹುಡುಕಿ ಕೊಟ್ಟ. ಬಿದ್ದವರನ್ನು ಎತ್ತೋದು ಅಲ್ಲಿಯ ನಿಯಮ, ಯಾರೂ ಬರೆದು ಹಾಕಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕೋಣೆಯಲ್ಲಿ ನನ್ನ ಬಣ್ಣದವನು ನಾನೊಬ್ಬನೇ. ಶಾಲೆಯಲ್ಲಿ ಹಾಗಿದ್ದರೆ ಎಲ್ಲರೂ ನೋಡ್ತಾರೆ. ಅಲ್ಲಿ ಯಾರೂ ನೋಡಲಿಲ್ಲ,” ಎಂದ. ಮರುದಿನ ಅವನು ಬ್ಯಾಡ್ ಬ್ರೇನ್ಸ್ ಎಂಬ ತಂಡದ ಬಗ್ಗೆ ತಿಳಿದನಂತೆ. ಜಾಸ್ ಮಿಶ್ರಿತ ಸಂಗೀತವನ್ನು ನುಡಿಸುತ್ತಿದ್ದ ನಾಲ್ವರು ಕರಿಯ ತರುಣರು ಪಂಕ್‌ಗೆ ಹೊರಳಿ, ಆ ನಗರದಲ್ಲಿ ಅದಕ್ಕೆ ಅದ್ಭುತವಾದ ವೇಗವನ್ನೂ ಕೌಶಲವನ್ನೂ ತಂದುಕೊಟ್ಟಿದ್ದರು. ಮೆಕೈಯಂಥ ಬಿಳಿಯ ಹುಡುಗರು ಅವರನ್ನು ನೋಡಿ ಕಲಿತವರು. ಇದನ್ನು ಹೇಳುವಾಗ ಹುಡುಗನ ಮುಖ ನೋಡಬೇಕಾಗಿತ್ತು. ಆ ಮನೆಯ ಅಡಿಪಾಯದಲ್ಲೇ ತನಗೊಂದು ಹಕ್ಕಿನ ಪತ್ರ ಸಿಕ್ಕಿದವನಂತೆ ಇದ್ದ.

ಎಲ್ಲವೂ ಚೆಂದವೆಂದು ಹೇಳಿದರೆ ಸುಳ್ಳಾಗುತ್ತದೆ. ತೆರೆದ ಬಾಗಿಲಿನಿಂದ ಎಂಥವರೂ ಬರುತ್ತಾರೆ. 1984ರ ಹೊತ್ತಿಗೆ ಕುಣಿತ ಹೊಡೆದಾಟವಾಗಿ, ತಲೆ ಬೋಳಿಸಿದ ಪುಂಡರ ಗುಂಪುಗಳು ಸೇರಿ, ಆರಂಭಿಸಿದವರಲ್ಲೇ ಅನೇಕರು ಬೇಸತ್ತು ದೂರವಾಗಿದ್ದರು. ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಅವರು ಪೋಲೀಸರನ್ನು ಕರೆದು ಬಾಗಿಲು ಭದ್ರ ಮಾಡಲಿಲ್ಲ. ಹೊಸ ತಂಡಗಳನ್ನು ಕಟ್ಟಿದರು. 1985ರ ಬೇಸಗೆಯನ್ನು ಅವರು ‘ಕ್ರಾಂತಿಯ ಬೇಸಗೆ’ ಎಂದು ಕರೆದುಕೊಂಡದ್ದು ಸ್ವಲ್ಪ ದೊಡ್ಡ ಮಾತೇ. ಆದರೆ ಆ ಬೇಸಗೆಯಲ್ಲಿ ರೈಟ್ಸ್ ಆಫ್ ಸ್ಪ್ರಿಂಗ್ ಮೊದಲಾದ ತಂಡಗಳು ಅದೇ ಗದ್ದಲದೊಳಗಿನಿಂದ ಅಂತರಂಗದ ಮಾತುಗಳನ್ನು ಹೊರಡಿಸಿದವು. ದಕ್ಷಿಣ ಆಫ್ರಿಕದ ರಾಯಭಾರ ಕಚೇರಿಯ ಮುಂದೆ ವರ್ಣಭೇದದ ವಿರುದ್ಧ ಹುಡುಗರು ಸಿಕ್ಕಿದ ಡಬ್ಬಿ ಬಕೆಟ್ಟುಗಳನ್ನೆಲ್ಲ ಬಡಿದು ಪ್ರತಿಭಟಿಸಿದರು. 1987ರಲ್ಲಿ ಮೆಕೈ ಮತ್ತು ಗೆಳೆಯರು ಕಟ್ಟಿದ ಫುಗಾಜಿ ತಂಡ ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿರಬೇಕು, ಟಿಕೇಟು ಐದು ಡಾಲರಿನ ಆಸುಪಾಸಿನಲ್ಲಿರಬೇಕು ಎಂಬ ಹಟ ಹಿಡಿಯಿತು. ಯಾರಾದರೂ ಪಕ್ಕದವರನ್ನು ನೋಯಿಸಿದರೆ ಅವರು ಹಾಡನ್ನು ಅಲ್ಲಿಗೇ ನಿಲ್ಲಿಸಿ, ಆ ಮನುಷ್ಯನಿಗೆ ನೇರವಾಗಿ ಬುದ್ಧಿ ಹೇಳುತ್ತಿದ್ದರು. ಕೇಳದಿದ್ದರೆ ಐದು ಡಾಲರನ್ನು ಲಕೋಟೆಯಲ್ಲಿಟ್ಟು ಕೊಟ್ಟು ಹೊರಗೆ ಕಳಿಸುತ್ತಿದ್ದರು. ಈ ಲಕೋಟೆಯ ಶಿಷ್ಟಾಚಾರ ನನಗೆ ಬಹಳ ಹಿಡಿಸಿತು.

ಅಷ್ಟಾದರೂ ಒಂದು ತಪ್ಪು ಉಳಿದಿತ್ತು. ವೇದಿಕೆಯ ಮುಂದಿನ ಜಾಗ ಗಟ್ಟಿ ಭುಜದ ಹುಡುಗರದು. ಹುಡುಗಿಯರು ಗೋಡೆಗೆ ಒತ್ತಿಕೊಂಡು, ಗೆಳೆಯರ ಕೋಟುಗಳನ್ನು ಹಿಡಿದು ನಿಂತಿರುತ್ತಿದ್ದರು. 1991ರ ಬೇಸಗೆಯಲ್ಲಿ ಬಿಕಿನಿ ಕಿಲ್, ಬ್ರ್ಯಾಟ್‌ಮೊಬೈಲ್ ಎಂಬ ತಂಡಗಳ ತರುಣಿಯರು ಈ ನಗರಕ್ಕೆ ಬಂದಾಗ ಅದು ಬದಲಾಗತೊಡಗಿತು. ಕ್ಯಾಥ್ಲೀನ್ ಹ್ಯಾನಾ ವೇದಿಕೆಯ ಮೇಲಿಂದ ಹುಡುಗಿಯರನ್ನು ಮುಂದಕ್ಕೆ ಬರಹೇಳಿ, ಹುಡುಗರನ್ನು ಹಿಂದೆ ಸರಿಯಲು ಹೇಳುತ್ತಿದ್ದಳು. ಹಾಡಿನ ಸಾಹಿತ್ಯವನ್ನು ಹಾಳೆಗಳಲ್ಲಿ ಬರೆದು ಹಂಚುತ್ತಿದ್ದಳು. ರಯಟ್ ಗರ್ಲ್ ಎಂಬ ಪುಟ್ಟ ಪತ್ರಿಕೆ ಜೆರಾಕ್ಸ್ ಯಂತ್ರದಿಂದ ಹೊರಬಂದುದು ಆ ಬೇಸಗೆಯಲ್ಲೇ; ಅದೇ ಮುಂದೆ ಒಂದು ಆಂದೋಲನದ ಹೆಸರಾಯಿತು.

ಇಂಥ ಪುಟ್ಟ ಪತ್ರಿಕೆಗಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅವುಗಳನ್ನು ಅಲ್ಲಿ ಜೀನ್ ಎನ್ನುತ್ತಾರೆ. ಅಭಿಮಾನಿಗಳೇ ಬರೆದು, ಕತ್ತರಿಸಿ, ಅಂಟಿಸಿ, ಜೆರಾಕ್ಸ್ ಮಾಡಿಸಿ, ಸ್ಟೇಪಲ್ ಹೊಡೆದು ಕಛೇರಿಯ ಬಾಗಿಲಲ್ಲಿ ಮಾರುವ ಸಂಚಿಕೆಗಳು. ನನ್ನ ಅಕ್ಕನ ಊರಿನವನೇ ಆದ ಸ್ಕಾಟ್ ಕ್ರಾಫರ್ಡ್ ಎಂಬವನು ಎಂಬತ್ತರ ದಶಕದಲ್ಲಿ, ಇನ್ನೂ ಹದಿಹರೆಯಕ್ಕೆ ಕಾಲಿಡುತ್ತಿದ್ದಾಗ, ಮೆಟ್ರೊಜೀನ್ ಎಂಬ ಪತ್ರಿಕೆಯನ್ನು ಹೊರಡಿಸಿದ. ತನಗಿಂತ ಎಷ್ಟೋ ದೊಡ್ಡವರಾದ ಗಾಯಕರನ್ನು ಆ ಪುಟ್ಟ ಹುಡುಗ ಸಂದರ್ಶಿಸುತ್ತಿದ್ದ, ಅವರೂ ಉತ್ತರ ಹೇಳುತ್ತಿದ್ದರು. 2014ರಲ್ಲಿ ಆ ಕಾಲದ ಚರಿತ್ರೆಯನ್ನು ಸಾಲಡ್ ಡೇಸ್ ಎಂಬ ಸಾಕ್ಷ್ಯಚಿತ್ರವಾಗಿ ಮಾಡಿದವನೂ ಅವನೇ. ವಾಷಿಂಗ್ಟನ್ನಿನ ಸಾರ್ವಜನಿಕ ಗ್ರಂಥಾಲಯ ಅದೇ ವರ್ಷ ಈ ಪತ್ರಿಕೆಗಳನ್ನೂ ಕರಪತ್ರಗಳನ್ನೂ ರೆಕಾರ್ಡುಗಳನ್ನೂ ಕೂಡಿಡುವ ಪಂಕ್ ಸಂಗ್ರಹವನ್ನು ಆರಂಭಿಸಿತು. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಆ ಗ್ರಂಥಾಲಯಕ್ಕೆ ಅಳಿಯ ನನ್ನನ್ನು ಕರೆದೊಯ್ದ. ನಗರದ ಹಳೆಯ ದಾಖಲೆಗಳ ಜೊತೆಗೇ, ವಕ್ರ ವಕ್ರ ಕೈಬರಹದ, ಕಾಗುಣಿತ ತಪ್ಪಿದ, ಅಂಟಿನ ಕಲೆಯಾದ ಹಾಳೆಗಳನ್ನು ಹಳೆಯ ಓಲೆಗರಿಗೆ ತೋರುವ ಮರ್ಯಾದೆಯಿಂದ ಕಾಯ್ದಿಟ್ಟಿದ್ದರು.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ನನ್ನ ಕಾಲೇಜು. ವಾರ್ಷಿಕ ಸಂಚಿಕೆಯ ಸಂಪಾದಕತ್ವ ವಹಿಸಿದ್ದ ಮೊದಲ ವರ್ಷ. ಪ್ರಥಮ ತರಗತಿಯ ಹುಡುಗನೊಬ್ಬ, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದವನು, ನೋಟ್‌ಬುಕ್ಕಿನಿಂದ ಹರಿದ ಮೂರು ಹಾಳೆಗಳಲ್ಲಿ ಪದ್ಯ ಬರೆದು ತಂದ. ಅವರೂರಿನ ಕೆರೆಯ ಹೂಳಿನ ಮೇಲಿನ ಪದ್ಯ. ಅಕಾರ ಹಕಾರ ಅದಲು ಬದಲು, ಒತ್ತಕ್ಷರ ಎಲ್ಲಿಗೋ ಹಾರಿತ್ತು. ಕೆಂಪು ಶಾಯಿಯಲ್ಲಿ ಒಂದೊಂದನ್ನೂ ಗುರುತಿಸಿ, ಮೊದಲು ಭಾಷೆ ಕಲಿ, ಆಮೇಲೆ ಕವಿತೆ ಎಂದು ಬುದ್ಧಿ ಹೇಳಿ ಹಿಂದಕ್ಕೆ ಕೊಟ್ಟೆ. ಒರಟಾಗಿ ಆಡಲಿಲ್ಲ, ಹಿತವಚನವೆಂದೇ ನಂಬಿ ಆಡಿದೆ. ಅವನು ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಮೂರು ವರ್ಷ ನನ್ನ ಮುಂದೆಯೇ ಕುಳಿತು ಪಾಠ ಕೇಳಿದ. ಇನ್ನೊಂದು ಸಾಲನ್ನು ತೋರಿಸಲಿಲ್ಲ. ಆ ಪದ್ಯದ ಒಂದು ಚಿತ್ರ, ಬತ್ತಿದ ಕೆರೆಯಲ್ಲಿ ಸಿಕ್ಕಿದ ಅಜ್ಜಿಯ ಕಂಚಿನ ಚೆಂಬು, ನನಗೆ ಇಂದಿಗೂ ನೆನಪಿದೆ. ಆ ವರ್ಷ ಅಚ್ಚಾದ, ಒಂದು ಅಕ್ಷರವೂ ತಪ್ಪದ ಪದ್ಯಗಳಲ್ಲಿ ಒಂದೂ ನೆನಪಿಲ್ಲ.

ಎಳೆಯರನ್ನು ನಾವು ಸಾಹಿತ್ಯ ಸಭೆಗಳಿಗೆ ಕರೆಯುತ್ತಿಲ್ಲವೆಂದು ಯಾರೂ ದೂರುವಂತಿಲ್ಲ. ಕುರ್ಚಿಗಳು ಖಾಲಿ ಕಾಣಬಾರದೆಂದು ಎರಡು ತರಗತಿ ಬಿಟ್ಟು ಸಾಲಾಗಿ ಕರೆತರುತ್ತೇವೆ, ಹಾಜರಿ ಹಾಕುತ್ತೇವೆ, ಎದ್ದು ಹೋಗದಂತೆ ಬಾಗಿಲಲ್ಲಿ ಒಬ್ಬ ಅಧ್ಯಾಪಕನನ್ನು ನಿಲ್ಲಿಸುತ್ತೇವೆ. ಆ ಅಧ್ಯಾಪಕ ಎಷ್ಟೋ ಸಲ ನಾನೇ. ಸ್ವಾಗತ, ಪ್ರಾಸ್ತಾವಿಕ, ಹಾರ, ಸನ್ಮಾನ, ಅಧ್ಯಕ್ಷ ಭಾಷಣಗಳಾಗಿ ಊಟದ ಹೊತ್ತು ಮೀರಿದ ಮೇಲೆ ‘ಯುವ ಕವಿಗಳು ತಲಾ ಎರಡು ನಿಮಿಷ’ ಎಂಬ ಪ್ರಕಟಣೆ ಬರುತ್ತದೆ. ಅಷ್ಟರಲ್ಲಿ ವೇದಿಕೆಯ ಹಿರಿಯರು ಕಾರು ಹತ್ತಿರುತ್ತಾರೆ. ಹಾಡಿ ಇಳಿದ ಗಾಯಕ ಕೆಳಗೆ ಬಂದು ನಿಂತು ಮುಂದಿನವರನ್ನು ಕೇಳಿದ ಆ ಕ್ಲಬ್ಬಿನ ರಾತ್ರಿಯನ್ನು ನಾನು ಮರೆಯಲಾರದೆ ಇರುವುದು ಇದಕ್ಕಾಗಿ. ಸಹೃದಯನೆಂಬ ದೊಡ್ಡ ಮಾತನ್ನು ತರಗತಿಯಲ್ಲಿ ವರ್ಷ ವರ್ಷವೂ ವಿವರಿಸುತ್ತೇನೆ. ಕವಿಯೂ ಇನ್ನೊಬ್ಬನ ಸಹೃದಯನಾಗಬೇಕೆಂಬುದನ್ನು ಕಣ್ಣಾರೆ ಕಂಡದ್ದು ಅಲ್ಲಿ.

ಬಾಗಿಲು ತೆರೆದರೆ ಜಳ್ಳು ಬಂದು ತುಂಬುವುದಿಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ತುಂಬುತ್ತದೆ. ಅಳಿಯ ಕೇಳಿಸಿದ ಹಾಡುಗಳಲ್ಲಿ ಬಹುಪಾಲು ಜಳ್ಳೇ ಎಂದು ನನ್ನ ಅಭಿಪ್ರಾಯ. ಅವನದೂ ಹೆಚ್ಚುಕಡಮೆ ಅದೇ. ತೂರುವ ಕೆಲಸವನ್ನು ಕಣದಲ್ಲಿ ಮಾಡಬೇಕಲ್ಲದೆ ಬಿತ್ತನೆಯ ದಿನವೇ ಮೊರ ಹಿಡಿದು ಹೊಲದ ಬದುವಿನಲ್ಲಿ ನಿಂತರೆ ಹೇಗೆ? ಐದಾರು ವಿದ್ಯಾರ್ಥಿಗಳು ಕೂಡಿ ಎಂಟು ಪುಟದ ಕೈಬರಹದ ಪತ್ರಿಕೆ ತಂದರೆ ಅದಕ್ಕೊಂದು ಗೋಡೆ, ಒಂದು ಮೇಜು, ಜೆರಾಕ್ಸಿಗೆ ನೂರು ರೂಪಾಯಿ ಕೊಡಲಾರದಷ್ಟು ಬಡತನ ನಮ್ಮ ಸಾಹಿತ್ಯ ಸಂಘಗಳಿಗೆ ಬಂದಿಲ್ಲ. ಒಂದು ಷರತ್ತು ಬೇಕಾದರೆ ಇರಲಿ: ಅದರಲ್ಲಿ ನಮ್ಮ ಸಂದೇಶ, ಶುಭಾಶಯ, ಭಾವಚಿತ್ರ ಯಾವುದೂ ಇರಕೂಡದು.

ನಾನು ಹೊರಡುವ ಹಿಂದಿನ ರಾತ್ರಿ ಅಳಿಯ ತಾನೇ ತಂದಿದ್ದ ಜೀನಿನ ಎರಡು ಪ್ರತಿಗಳನ್ನು ನನ್ನ ಪೆಟ್ಟಿಗೆಯಲ್ಲಿಟ್ಟ. ಹನ್ನೆರಡು ಪುಟ, ಬೆಲೆ ಒಂದು ಡಾಲರು, ಹೊಡೆಸಿದ್ದು ಐವತ್ತು ಪ್ರತಿ, ಎಲ್ಲವೂ ಮಾರಾಟವಾಗಿ ಉಳಿದವು ಇವೆರಡೇ ಅಂತೆ. ನಡುಪುಟದಲ್ಲಿ ‘ಕೈಗೆ ಗುರುತು ಹಾಕಿಸಿಕೊಂಡ ನನ್ನ ಮಾಮ’ ಎಂಬ ಅರ್ಥದ ತಲೆಬರಹದ ಕೆಳಗೆ ನನ್ನದೊಂದು ವ್ಯಂಗ್ಯಚಿತ್ರ. ಮೂಗು ಸ್ವಲ್ಪ ದೊಡ್ಡದಾಗಿದೆ. ಎರಡೂ ನನ್ನ ಮೇಜಿನ ಖಾನೆಯಲ್ಲಿವೆ. ವೃತ್ತಿಯ ಅಭ್ಯಾಸ ಬಿಡದೆ ಕಾಗುಣಿತದ ತಪ್ಪುಗಳನ್ನು ಎಣಿಸಿದ್ದೇನೆ: ಹದಿನೇಳು. ತಿದ್ದಿ ಕಳಿಸಿಲ್ಲ.